ಮುಗ್ಗಟ್ಟಿನ ಕಾಲದಲ್ಲಿ ಒಂದು ಜವಳಿಯಂಗಡಿ

ಕುಂದಾಪುರದ ಪಶ್ಚಿಮಕ್ಕೆ, ಪಂಚಗಂಗಾವಳಿಯು ಕಡಲನ್ನು ಕೂಡುವ ಎಡೆಯಲ್ಲಿ, ಒಂದು ಮಗ್ಗುಲಿಗೆ ಹೊಳೆಯನ್ನೂ ಇನ್ನೊಂದು ಮಗ್ಗುಲಿಗೆ ಅರಬೀ ಸಮುದ್ರವನ್ನೂ ಇಟ್ಟುಕೊಂಡು ಉದ್ದಕ್ಕೆ ಚಾಚಿಕೊಂಡಿರುವ ಕೋಡಿ ಎಂಬ ಊರು ನಮ್ಮ ವಾಚಕರಲ್ಲಿ ಅನೇಕರಿಗೆ ಪರಿಚಿತವಾದುದೇ ಆಗಿದೆ. ಆ ಊರಿನ ಒಂದು ಕೇರಿಯಲ್ಲಿ, ನೂಲು ಹುಣ್ಣಿಮೆ ಕಳೆದು ಚೌತಿ ಬರುವುದರೊಳಗಾಗಿ, ಒಂದು ಹೊಸ ಬಟ್ಟೆಯಂಗಡಿ ಬಾಗಿಲು ತೆರೆಯಿತು. ಅಂಗಡಿಯೆಂದರೆ ಹತ್ತಡಿ ಅಗಲದ ಒಂದು ಕೋಣೆ. ಮೂಲೆಯಲ್ಲಿ ಎರಡು ಹೊಲಿಗೆಯ ಯಂತ್ರ, ಗೋಡೆಯುದ್ದಕ್ಕೂ ನೈಟಿ, ಚೂಡಿದಾರ, ಮಕ್ಕಳ ಅಂಗಿ. ಗಾಜಿನ ಕಪಾಟಿನಲ್ಲಿ ಐವತ್ತು ಅರುವತ್ತು ಸೀರೆ. ಬಾಗಿಲ ಬಳಿ ಗಂಡಸರಿಗೆಂದು ಲುಂಗಿ, ಪಂಚೆ, ಬೈರಾಸು. ಒಡತಿಯು ಹನ್ನೆರಡು ವರ್ಷಗಳಿಂದ ತನ್ನ ಮನೆಯ ಜಗಲಿಯಲ್ಲಿ ಕುಳಿತು ಕೇರಿಯ ಹೆಂಗಸರ ರವಿಕೆ ಹೊಲಿದುಕೊಟ್ಟವರು. ಕೈಯಲ್ಲಿದ್ದ ಉಳಿತಾಯ, ಸಂಘದ ಸಾಲ, ಕೊರಳಲ್ಲಿದ್ದ ಸರವನ್ನು ಅಡವಿಟ್ಟು ತಂದ ಹಣ, ಈ ಮೂರನ್ನೂ ಕೂಡಿಸಿ ಈ ವ್ಯಾಪಾರಕ್ಕೆ ಇಳಿದಿದ್ದಾರೆ.

ಅಂಗಡಿಯ ಮುಂದೆ ತೋರಣ ಕಟ್ಟಿದ ದಿನವೇ ಕೇರಿಯಲ್ಲಿ ನಾವು ಕೇಳಿದ ಮಾತು ಇದು: ‘ಮೀನೇ ಇಲ್ಲ, ಸೀರಿ ಯಾರಿಗೆ?’ ಈ ಮಾತನ್ನು ಆಡಿದವರು ದುಷ್ಟರಲ್ಲ. ಅವರಲ್ಲಿ ಇಬ್ಬರು ಮೂವರು ಸಿಹಿ ತಿಂದು, ಹರಸಿ, ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಹೀಗೆಂದರು. ಮುಗ್ಗಟ್ಟಿನ ಕಾಲದಲ್ಲಿ ಬಟ್ಟೆಯಂಗಡಿ ತೆರೆಯುವುದು ಹುಚ್ಚುತನವೆಂಬ ಈ ಅಭಿಪ್ರಾಯವು ಕೋಡಿಯೊಂದರದ್ದಲ್ಲ. ಪೇಟೆಯ ವಿದ್ಯಾವಂತರಲ್ಲಿಯೂ, ಉಪಾಧ್ಯಾಯರ ಕೊಠಡಿಯಲ್ಲಿಯೂ ಇದೇ ಮಾತು ಕೇಳಬರುತ್ತದೆ. ಈ ಅಭಿಪ್ರಾಯದಲ್ಲಿ ಅರ್ಧ ಸತ್ಯವಿದೆಯೆಂದೂ, ಉಳಿದರ್ಧವನ್ನು ಹೇಳುವವರೇ ತಮ್ಮ ನಡತೆಯಿಂದ ಸತ್ಯವನ್ನಾಗಿ ಮಾಡುತ್ತಿದ್ದಾರೆಂದೂ ನಾವು ತಿಳಿದಿದ್ದೇವೆ. ಅದನ್ನು ವಿವರಿಸುವುದೇ ಈ ಬರೆಹದ ಉದ್ದೇಶ.

ಮೊದಲು ಸತ್ಯವಾದ ಅರ್ಧವನ್ನು ನೋಡುವ. ಕಡಲ ಕರೆಯ ಊರುಗಳಿಗೆ ಮುಗ್ಗಟ್ಟು ಹೊಸತಲ್ಲ. ಅದು ಪಂಚಾಂಗದಲ್ಲಿಯೇ ಬರೆದಿರುವಂತಹದು. ಜೂನ್ 1ರಿಂದ ಜುಲೈ 31ರವರೆಗೆ, ಅರುವತ್ತೊಂದು ದಿನ, ಯಂತ್ರದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ನಾಡದೋಣಿಯವರಿಗೆ ಈ ನಿರ್ಬಂಧವಿಲ್ಲವಾದರೂ ಮಳೆಗಾಲದ ಕಡಲು ಅವರಿಗೆ ಕೊಡುವ ದಿನಗಳು ಎಣಿಕೆಯವು. ಬೂತಾಯಿ ಒಂದು ವರ್ಷ ರಾಶಿಯಾಗಿ ಬಿದ್ದು ಮರುವರ್ಷ ಕಣ್ಮರೆಯಾಗುವ ಮೀನು, ಬಂಗುಡೆಯೂ ಹಾಗೆಯೇ. ಮತ್ಸ್ಯಕ್ಷಾಮವೆಂಬ ಶಬ್ದವು ನಮ್ಮ ಕರಾವಳಿಯ ಪತ್ರಿಕೆಗಳಲ್ಲಿ ಮಳೆ, ಬಿಸಿಲುಗಳಂತೆ ನಿತ್ಯದ ಶಬ್ದವಾಗಿಬಿಟ್ಟಿದೆ. ಇದರ ಮೇಲೆ ದೇಶದ ಮುಗ್ಗಟ್ಟುಗಳು. 2016ರ ನವೆಂಬರ್ 8ರ ರಾತ್ರಿ ದೊಡ್ಡ ನೋಟುಗಳು ರದ್ದಾದಾಗ, ನಗದಿನಲ್ಲಿಯೇ ನಡೆಯುವ ಮೀನಿನ ವ್ಯಾಪಾರ ಎಷ್ಟು ತತ್ತರಿಸಿತೆಂಬುದನ್ನು ಗಂಗೊಳ್ಳಿಯ ಬಂದರದಲ್ಲಿ ನಿಂತು ನೋಡಿದವರು ಇನ್ನೂ ಮರೆತಿಲ್ಲ. 2020ರ ಏಪ್ರಿಲಿನಿಂದ ಜೂನಿನವರೆಗಿನ ಮೂರು ತಿಂಗಳಲ್ಲಿ ದೇಶದ ಒಟ್ಟು ಉತ್ಪನ್ನವು ಹಿಂದಿನ ವರ್ಷದ ಅದೇ ಅವಧಿಗಿಂತ ಶೇಕಡಾ 23.9ರಷ್ಟು ಕುಗ್ಗಿತೆಂದು ಸರಕಾರದ ಮೊದಲ ಅಂದಾಜೇ ಹೇಳಿತು. ಅದೇ ತಿಂಗಳುಗಳಲ್ಲಿ ಮುಂಬಯಿ ಬೆಂಗಳೂರುಗಳ ಹೋಟೆಲುಗಳು ಬಾಗಿಲು ಹಾಕಿದುವು. ಅಲ್ಲಿ ದುಡಿದು ಊರಿಗೆ ಹಣ ಕಳುಹುತ್ತಿದ್ದ ನಮ್ಮ ತಾಲೂಕುಗಳ ಹುಡುಗರು ಬರಿಗೈಯಲ್ಲಿ ಮನೆಗೆ ಬಂದರು. ಅವರಲ್ಲಿ ಎಲ್ಲರೂ ಹಿಂದಿರುಗಿ ಹೋಗಲಿಲ್ಲ. ಹೊಳೆಯ ದಡದಲ್ಲಿ ಹೊಗೆಯಾಡುತ್ತಿದ್ದ ಹಂಚಿನ ಕಾರ್ಖಾನೆಗಳಲ್ಲಿ ಹೆಚ್ಚಿನವು ಅದಕ್ಕಿಂತ ಮೊದಲೇ ತಣ್ಣಗಾಗಿದ್ದುವು. ಆದುದರಿಂದ, ಕೇರಿಯವರ ಕೈಯಲ್ಲಿ ಹಣ ಕಡಿಮೆಯಿದೆ ಎಂಬುದನ್ನು ಅಲ್ಲಗಳೆಯುವುದು ನಮ್ಮ ಇಚ್ಛೆಯಲ್ಲ.

ಆದರೆ ಹಣ ಕಡಿಮೆಯಾದೊಡನೆ ಜನರು ಬಟ್ಟೆ ಉಡುವುದನ್ನು ಬಿಡುತ್ತಾರೆಯೇ? ಇಲ್ಲ. ಅವರು ಕೊಳ್ಳುವ ಬಗೆ ಬದಲಾಗುತ್ತದೆ, ಅಷ್ಟೆ. ಮದುವೆಗೆ ಉಡುಪಿಗೋ ಮಂಗಳೂರಿಗೋ ಕಾರು ಮಾಡಿಕೊಂಡು ಹೋಗಿ ಹತ್ತು ಸೀರೆ ತರುತ್ತಿದ್ದ ಮನೆಯವರು ನಾಲ್ಕು ತರುತ್ತಾರೆ. ಹೊಸ ರವಿಕೆ ಹೊಲಿಸುವ ಬದಲು ಹಳೆಯದರ ಬದಿ ಬಿಡಿಸುತ್ತಾರೆ. ಅಕ್ಕನ ಚೂಡಿದಾರವನ್ನು ತಂಗಿಯ ಮೈಗೆ ಹೊಂದಿಸುತ್ತಾರೆ. ಹೊಲಿಗೆಯನ್ನು ಬಲ್ಲ ಅಂಗಡಿಗೆ ಇದು ನಷ್ಟದ ಕಾಲವಲ್ಲ. ಇನ್ನು ಕೋಡಿಯಂತಹ ಊರಿನಲ್ಲಿ ಬಟ್ಟೆಯ ವರ್ಷವೆಂಬುದು ಒಂದೇ ಮತದವರ ವರ್ಷವಲ್ಲ. ಚೌತಿ, ನವರಾತ್ರಿ, ದೀಪಾವಳಿ ಒಂದೆಡೆಯಾದರೆ, ರಂಜಾನ್ ಹಬ್ಬ ಇನ್ನೊಂದೆಡೆ. ಕ್ರಿಸ್ತುವರ ಮನೆಗಳಿಗೆ ದಶಂಬರ. ಕೋಟೇಶ್ವರದ ಕೊಡಿ ಹಬ್ಬಕ್ಕೆ ಹೋಗಿ ಕಬ್ಬಿನ ಕೊಡಿಯನ್ನು ಮನೆಗೆ ತರುವ ಹೊಸ ಮದುಮಕ್ಕಳು ಹಳೆಯ ಬಟ್ಟೆಯಲ್ಲಿ ಹೋಗುವುದುಂಟೇ? ಮೀನು ಬಂದರೂ ಬಾರದಿದ್ದರೂ ಶಾಲೆ ತೆರೆಯುವ ದಿನ ಮಕ್ಕಳಿಗೆ ಅಂಗಿ ಬೇಕು. ಆದಕಾರಣ ಗಿರಾಕಿಯೇ ಇಲ್ಲದೆ ಈ ಅಂಗಡಿ ಮುಚ್ಚುವುದೆಂಬ ಭಯ ನಮಗಿಲ್ಲ. ನಮಗಿರುವ ಭಯ ಬೇರೆ. ಗಿರಾಕಿಗಳು ಬಂದು, ಕೊಂಡು, ಹಣ ಕೊಡದೆ ಹೋಗಿ, ಆ ಕಾರಣದಿಂದಲೇ ಇದು ಮುಚ್ಚೀತು ಎಂಬ ಭಯ.

ಉದ್ರಿಯ ಮಾತನ್ನು ಎತ್ತುವ ಮೊದಲು ನಮ್ಮ ಜಿಲ್ಲೆಯದೇ ಒಂದು ಹಳೆಯ ವೃತ್ತಾಂತವನ್ನು ನೆನಪಿಸಬೇಕಾಗಿದೆ. ಅದೂ ಬಟ್ಟೆಯ ವೃತ್ತಾಂತ, ಅದೂ ಮುಗ್ಗಟ್ಟಿನ ಕಾಲದ್ದು. 1920ರ ದಶಕದಲ್ಲಿ ಉಡುಪಿಯ ಸುತ್ತಣ ಕೈಮಗ್ಗದ ನೇಕಾರರು ಬಹಳ ಕಷ್ಟಕ್ಕೆ ಸಿಕ್ಕಿದ್ದರು. ಗಿರಣಿಯ ಬಟ್ಟೆಯೊಡನೆ ಸ್ಪರ್ಧೆ ಒಂದು ತೊಡಕಾದರೆ, ನೂಲು ಕೊಳ್ಳಲು ಕೈಯಲ್ಲಿ ಹಣವಿಲ್ಲದುದು ಅದಕ್ಕಿಂತ ದೊಡ್ಡ ತೊಡಕು. ನೇಯ್ದ ಸೀರೆ ಮಾರಿ ಹಣ ಬರುವವರೆಗೆ ಮಗ್ಗ ಸುಮ್ಮನೆ ನಿಲ್ಲಬೇಕು. ಇಲ್ಲವೇ ಸಾಹುಕಾರನು ಹೇಳಿದ ಬಡ್ಡಿಗೆ ಸಾಲ ತರಬೇಕು. ಆಗ ವೈದ್ಯರಾದ ಡಾ. ಟಿ. ಎಂ. ಎ. ಪೈ, ವ್ಯಾಪಾರಿಗಳಾದ ಉಪೇಂದ್ರ ಅನಂತ ಪೈ, ಎಂಜಿನಿಯರರಾದ ವಾಮನ ಕುಡ್ವ ಈ ಮೂವರು ಸೇರಿ, 1925ರಲ್ಲಿ, ಎಂಟು ಸಾವಿರ ರೂಪಾಯಿ ಬಂಡವಾಳದಿಂದ, ಕೆನರಾ ಇಂಡಸ್ಟ್ರಿಯಲ್ ಎಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆಯನ್ನು ಉಡುಪಿಯಲ್ಲಿ ಕಟ್ಟಿದರು. ನೇಕಾರರಿಗೆ ಸಹಾಯ ಮಾಡುವುದೇ ಅದರ ಮೊದಲ ಉದ್ದೇಶವಾಗಿತ್ತು. ಮೂರು ವರ್ಷಗಳಲ್ಲಿ, ಅಂದರೆ 1928ರಲ್ಲಿ, ಅದರ ಮೊದಲನೆಯ ಶಾಖೆ ತೆರೆದುದು ನಮ್ಮ ಬ್ರಹ್ಮಾವರದಲ್ಲಿ. ಅದೇ ವರ್ಷ ಪಿಗ್ಮಿ ಠೇವಣಿಯೆಂಬ ಪದ್ಧತಿ ಹುಟ್ಟಿತು. ಪ್ರತಿನಿಧಿಯು ದಿನವೂ ಮನೆಬಾಗಿಲಿಗೆ ಬಂದು ಎರಡಾಣೆ ಕೇಳಿ ಪಡೆದು ಬರೆದುಕೊಂಡು ಹೋಗುತ್ತಿದ್ದನು.

ಬಡವರಿಗೆ ಸಾಲ ಕೊಟ್ಟ ಕತೆಯೆಂದಷ್ಟೇ ಈ ವೃತ್ತಾಂತವನ್ನು ನೆನೆಯುವುದು ವಾಡಿಕೆ. ನಮಗೆ ಇದರಲ್ಲಿ ಹೆಚ್ಚು ಮುಖ್ಯವಾಗಿ ಕಾಣುವುದು ಎರಡಾಣೆಯ ಭಾಗ. ಸಾಲ ಕೊಡುವವರು ಹಿಂದೆಯೂ ಇದ್ದರು, ಇಂದೂ ಇದ್ದಾರೆ. 1925ರವರು ಕಂಡುಕೊಂಡುದು ಏನೆಂದರೆ, ಈ ಜಿಲ್ಲೆಯ ಮನೆಗಳಲ್ಲಿ ಹಣವಿಲ್ಲದೆ ಇರಲಿಲ್ಲ; ಅದು ಸಣ್ಣ ಸಣ್ಣ ಚೂರುಗಳಾಗಿ ಚದುರಿಕೊಂಡಿತ್ತು. ಆ ಚೂರುಗಳನ್ನು ದಿನದಿನವೂ, ತಪ್ಪದೆ, ಒಂದೆಡೆ ತಂದಾಗ ನೆರೆಯವನ ಮಗ್ಗ ನಡೆಯಿತು. ನಲುವತ್ತು ದಿನಗಳ ಬಳಿಕ ಐದು ರೂಪಾಯಿ ಕೊಡುತ್ತೇನೆಂಬ ಮಾತಿಗಿಂತ ದಿನಕ್ಕೆರಡಾಣೆಯನ್ನು ಕೈಯಲ್ಲಿಡುವ ಅಭ್ಯಾಸವೇ ಉಪಕಾರಿಯಾಯಿತು. ಸಿಂಡಿಕೇಟ್ ಬ್ಯಾಂಕೆಂದು ಮುಂದೆ ಹೆಸರಾದ ಆ ಸಂಸ್ಥೆ 1969ರಲ್ಲಿ ರಾಷ್ಟ್ರೀಕರಣವಾಗಿ, 2020ರ ಏಪ್ರಿಲ್ 1ರಂದು, ದೇಶವೇ ಬಾಗಿಲು ಹಾಕಿಕೊಂಡಿದ್ದ ದಿನಗಳಲ್ಲಿ, ಕೆನರಾ ಬ್ಯಾಂಕಿನೊಡನೆ ಸೇರಿಹೋಯಿತು. ನೇಕಾರರ ಮುಗ್ಗಟ್ಟಿನಲ್ಲಿ ಹುಟ್ಟಿದುದು ಇನ್ನೊಂದು ಮುಗ್ಗಟ್ಟಿನ ಮಧ್ಯದಲ್ಲಿ, ಸದ್ದಿಲ್ಲದೆ, ತನ್ನ ಹೆಸರನ್ನು ಕಳೆದುಕೊಂಡಿತೆಂಬುದನ್ನು ಆ ದಿನಗಳ ಗಲಿಬಿಲಿಯಲ್ಲಿ ನಮ್ಮವರು ಸರಿಯಾಗಿ ಗಮನಿಸಲೂ ಇಲ್ಲ.

ಅದೇ ಕಾಲದ ಇನ್ನೊಂದು ಸಂಗತಿ. ಕೋಟದ ಶಿವರಾಮ ಕಾರಂತರು ಕಾಲೇಜು ಬಿಟ್ಟು ಅಸಹಕಾರ ಚಳುವಳಿಗೆ ಇಳಿದು, ಇದೇ ಕುಂದಾಪುರದ ಸೀಮೆಯಲ್ಲಿ ಖಾದಿ ಮತ್ತು ಸ್ವದೇಶಿಯ ಪ್ರಚಾರಕ್ಕೆಂದು ವರ್ಷಗಟ್ಟಲೆ ತಿರುಗಿದರು. 1934ರ ಫೆಬ್ರವರಿಯಲ್ಲಿ, ಜಗತ್ತಿನ ಮಹಾ ಮುಗ್ಗಟ್ಟು ಇನ್ನೂ ಇಳಿಯದೆ ಇದ್ದಾಗ, ಗಾಂಧೀಜಿಯವರು ತಮ್ಮ ಹರಿಜನ ಪ್ರವಾಸದಲ್ಲಿ ಕುಂದಾಪುರಕ್ಕೆ ಬಂದಿದ್ದರು. ಭತ್ತದ ಬೆಲೆ ಕುಸಿದಿದ್ದ ಕಾಲ ಅದು. ಹತ್ತಿರದ ಅಗ್ಗದ ಬಟ್ಟೆಯನ್ನು ಬಿಟ್ಟು ನೆರೆಯವನು ನೂತ, ನೆರೆಯವನು ನೇಯ್ದ ಬಟ್ಟೆಯನ್ನು ಕೊಳ್ಳಿರೆಂದು ಕೇಳುವುದಕ್ಕೆ ಅದಕ್ಕಿಂತ ಕೆಟ್ಟ ಕಾಲವನ್ನು ಯಾರೂ ಆರಿಸಲಾರರು. ಆದರೂ ಕೇಳಿದರು, ಕೊಂಡವರೂ ಇದ್ದರು. ಇಂದಿನವರಾದ ನಮ್ಮನ್ನು ಯಾರೂ ದಪ್ಪ ಖಾದಿಯನ್ನು ಉಡಿರೆಂದು ಕೇಳುತ್ತಿಲ್ಲ. ನಮ್ಮ ಕೇರಿಯ ಅಂಗಡಿಯಲ್ಲಿ ಕೊಂಡ ನೈಟಿಯ ಹಣವನ್ನು ಆ ದಿನವೇ ಕೊಡಿರೆಂದು ಕೇಳಬೇಕಾಗಿ ಬಂದಿದೆ.

ಇರಲಿ, ಲೆಕ್ಕಕ್ಕೆ ಬರುವ. ಈ ಬಗೆಯ ಅಂಗಡಿಯ ಒಳಲೆಕ್ಕವನ್ನು ಬಲ್ಲವರು ಕಡಿಮೆ. ಉದಾಹರಣೆಗೆಂದು ಒಂದು ಸೀರೆಯನ್ನು ತೆಗೆದುಕೊಳ್ಳಿ. ಅದು ಅಂಗಡಿಯವಳಿಗೆ ಆರುನೂರ ಐವತ್ತು ರೂಪಾಯಿಗೆ ಬಿದ್ದಿದೆ, ಎಂಟುನೂರಕ್ಕೆ ಮಾರುತ್ತಾಳೆ ಎಂದಿಟ್ಟುಕೊಳ್ಳುವ. ಲಾಭ ನೂರ ಐವತ್ತು. ಆ ಸೀರೆಯ ಹಣ ಮುಳುಗಿತೆಂದರೆ, ಹೋದುದು ನೂರ ಐವತ್ತಲ್ಲ. ಕೈಯಿಂದ ಹಾಕಿದ ಆರುನೂರ ಐವತ್ತೂ ಹೋಯಿತು. ಅದನ್ನು ತುಂಬಿಕೊಳ್ಳಲು ಅಂತಹವೇ ನಾಲ್ಕು ಸೀರೆಗಳನ್ನು ಮಾರಿದರೆ ಸಾಲದು, ಐದನೆಯದೂ ಮಾರಬೇಕು. ಅಂದರೆ ಒಬ್ಬ ನೆರೆಯವಳು ಕೊಡದೆ ಉಳಿಸಿಕೊಂಡ ಒಂದು ಸೀರೆಗಾಗಿ ಐದು ಮಂದಿ ನೆರೆಯವರಿಗೆ ಆಕೆ ಬಿಟ್ಟಿಯಾಗಿ ವ್ಯಾಪಾರ ಮಾಡಿದಂತಾಯಿತು. ಇದು ಮುಳುಗಿದ ಹಣದ ಮಾತಾಯಿತು. ಮುಳುಗದೆ, ತಡವಾಗಿಯಾದರೂ ಬರುವ ಹಣವೂ ಕೊಲ್ಲುತ್ತದೆ. ಎರಡು ಲಕ್ಷದ ಸರಕು ಇರುವ ಅಂಗಡಿಯಲ್ಲಿ ತಿಂಗಳಿಗೆ ಐವತ್ತು ಸಾವಿರದ ಸರಕು ಹೊರಗೆ ಹೋಗುತ್ತದೆ, ಅದರಲ್ಲಿ ಮೂರನೆಯ ಒಂದು ಪಾಲು ಉದ್ರಿಗೆ ಹೋಗುತ್ತದೆ ಎಂದು ಭಾವಿಸುವ. ನಾಲ್ಕು ತಿಂಗಳು ಕಳೆಯುವುದರೊಳಗೆ ಅರುವತ್ತಾರು ಸಾವಿರಕ್ಕೂ ಮೀರಿದ ಸರಕು ಕಪಾಟನ್ನು ಬಿಟ್ಟು ಪುಸ್ತಕವನ್ನು ಸೇರಿತು. ಕಪಾಟಿನ ಮೂರನೆಯ ಒಂದು ಪಾಲು ಖಾಲಿ. ಖಾಲಿ ಕಪಾಟನ್ನು ನೋಡಿದ ಗಿರಾಕಿ ‘ಇಲ್ಲಿ ಆಯ್ಕೆಯೇ ಇಲ್ಲ’ ಎಂದು ಪೇಟೆಗೆ ಹೋಗುತ್ತಾಳೆ. ಪೇಟೆಗೆ ಹಾಗೆ ಹೋಗುವವರಲ್ಲಿ, ಆ ಕಪಾಟನ್ನು ಖಾಲಿ ಮಾಡಿಸಿದವರೇ ಮುಂದಾಗಿರುತ್ತಾರೆ; ಬಾಕಿಯಿರುವ ಅಂಗಡಿಯ ಮುಂದೆ ನಡೆಯಲು ಯಾರಿಗಾದರೂ ಸಂಕೋಚವಲ್ಲವೇ?

ಇತ್ತ ಬೆಂಗಳೂರು ಚಿಕ್ಕಪೇಟೆಯ ಸಗಟು ವ್ಯಾಪಾರಿಗೋ, ಸೂರತ್ತಿನ ಸರಕನ್ನು ಹೊತ್ತು ಊರೂರು ತಿರುಗುವವನಿಗೋ ಈ ಕೇರಿಯ ದಾಕ್ಷಿಣ್ಯ ತಿಳಿಯದು. ಅವನ ಹಣ ಅವನ ದಿನಕ್ಕೆ ಹೋಗಬೇಕು. ಸಂಘದ ಕಂತು ವಾರಕ್ಕೊಮ್ಮೆ ಹೋಗಬೇಕು. ಅಡವಿಟ್ಟ ಸರದ ಬಡ್ಡಿ ಕಡಲಿನಲ್ಲಿ ಮೀನಿಲ್ಲವೆಂದು ನಿಲ್ಲುವುದಿಲ್ಲ. ಕೊಡುವವರು ಮಾತ್ರ ‘ಬಪ್ಪು ವಾರ ಕೊಡ್ತೆ ಅಕ್ಕ, ಬರ್ಕಣಿ’ ಎಂದು ಹೇಳಿ, ಕವರನ್ನು ಕೈಗೆ ತೂಗಿಸಿಕೊಂಡು ಹೋಗುತ್ತಾರೆ. ಬರೆದುಕೊಳ್ಳದೆ ಅಕ್ಕ ಏನು ಮಾಡಬೇಕು? ಇಲ್ಲವೆಂದರೆ ಕೇರಿಯಲ್ಲಿ ‘ಅಂಗಡಿ ಹಾಕಿದ ಮೇಲೆ ಸೊಕ್ಕು ಬಂತು’ ಎಂಬ ಹೆಸರು. ಕೊಟ್ಟರೆ ಕಪಾಟು ಖಾಲಿ. ಗಂಡಸರ ಕಿರಾಣಿಯಂಗಡಿಯಲ್ಲಿ ‘ಇಂದು ನಗದು, ನಾಳೆ ಉದ್ರಿ’ ಎಂಬ ಹಲಗೆ ತೂಗುಹಾಕಿದರೆ ನಗುತ್ತಾ ಹಣ ಕೊಡುವ ನಾವೇ, ಹೆಂಗಸಿನ ಅಂಗಡಿಯಲ್ಲಿ ಆ ಹಲಗೆಯನ್ನು ಕಂಡರೆ ಅವಮಾನವಾಯಿತೆಂದು ಭಾವಿಸುತ್ತೇವೆ.

ಎಲ್ಲಕ್ಕಿಂತ ನಮಗೆ ಅಸಹ್ಯವಾಗಿ ತೋರಿದುದು ಇನ್ನೊಂದು. ಇದೇ ಕೇರಿಯ ಮನೆಗಳಿಗೆ ವಾರಕ್ಕೆ ಎರಡು ಮೂರು ಸಲ ದೂರದ ದೊಡ್ಡ ಕಂಪೆನಿಗಳ ಪಾರ್ಸಲು ಬರುತ್ತದೆ. ಫೋನಿನಲ್ಲಿ ಚಿತ್ರ ನೋಡಿ ತರಿಸಿದ ಉಡುಪು ಅದು. ಅದರ ಹಣವನ್ನು ಮುಂಗಡವಾಗಿ ಕೊಟ್ಟಿರುತ್ತಾರೆ, ಇಲ್ಲವೇ ಪಾರ್ಸಲಿನ ಹುಡುಗನ ಕೈಯಲ್ಲಿ ಎಣಿಸಿ ಇಡುತ್ತಾರೆ. ಅವನಿಗೆ ‘ಬಪ್ಪು ವಾರ’ ಎಂದು ಹೇಳಿದವರನ್ನು ನಾವು ಕಂಡಿಲ್ಲ. ಬಂದ ಉಡುಪು ಮೈಗೆ ಹಿಡಿಯದೆ ಹೋದಾಗ, ಅದನ್ನು ಹಿಡಿದುಕೊಂಡು ಕೇರಿಯ ಅಂಗಡಿಗೆ ಬಂದು, ‘ಇದನ್ನೊಂದು ಸ್ವಲ್ಪ ಹಿಡಿದುಕೊಡು’ ಎಂದು ಹೊಲಿಸಿಕೊಂಡು, ಆ ಮೂವತ್ತು ರೂಪಾಯಿಯನ್ನು ಬರೆಸಿ ಹೋಗುತ್ತಾರೆ! ನಗದು ಹಣ ಅಪರಿಚಿತನಿಗೆ, ಉದ್ರಿಯ ಮಾತು ನೆರೆಯವಳಿಗೆ. ಮುಗ್ಗಟ್ಟು ಎಂಬ ಹೆಸರಿನಲ್ಲಿ ನಾವು ನಡೆಸುತ್ತಿರುವ ವ್ಯವಹಾರದ ನಿಜವಾದ ಸ್ವರೂಪ ಇದು. ಕೇರಿಯಲ್ಲಿ ಹಣವಿಲ್ಲ ಎಂಬ ಮಾತನ್ನು ನಾವು ಪೂರ್ತಿಯಾಗಿ ಒಪ್ಪದೆ ಇರುವುದಕ್ಕೆ ಈ ಪಾರ್ಸಲುಗಳೇ ಕಾರಣ.

ಇದಕ್ಕೆ ಬರಬಹುದಾದ ಆಕ್ಷೇಪಣೆಯನ್ನು ನಾವು ಬಲ್ಲೆವು. ಕಡಲನ್ನು ನಂಬಿದ ಮನೆಗೆ ಆಷಾಢದಲ್ಲಿ ನಗದು ಎಲ್ಲಿಂದ ಬರಬೇಕು? ಕಡವೆಂಬುದು ಹಳ್ಳಿಯ ಬದುಕಿನ ಆಧಾರವಲ್ಲವೇ? ಜ್ವರ ಬಂದ ಮಗುವಿಗೆ ಸ್ವೆಟರು ಬೇಕಾದಾಗ, ಸತ್ತವರ ಮನೆಗೆ ಬಿಳಿಯ ಪಂಚೆ ಬೇಕಾದಾಗ, ಹಣ ಮೊದಲು ಇಡೆಂದು ಹೇಳುವ ಅಂಗಡಿ ನಮ್ಮ ಕೇರಿಗೆ ಬೇಕೇ? ಈ ಆಕ್ಷೇಪಣೆ ನ್ಯಾಯವಾದುದು. ಅಂತಹ ಕಡವನ್ನು ನಾವು ನಿಂದಿಸುವುದಿಲ್ಲ. ಅದನ್ನು ಕೊಡದ ಅಂಗಡಿಯವಳು ಕೋಡಿಯಲ್ಲಿ ಬಾಳಲಾರಳು, ಬಾಳಲೂ ಬಾರದು. ಆದರೆ ಉದ್ರಿಯ ಪುಸ್ತಕವನ್ನು ತೆರೆದು ನೋಡಿದರೆ ಅಲ್ಲಿ ಬಹುಮಟ್ಟಿಗೆ ಕಾಣುವ ಹೆಸರುಗಳು ಅಂತಹ ಮನೆಗಳವಲ್ಲ. ಬಡವರು ನಾಚಿಕೊಂಡಾದರೂ ಐವತ್ತು ಐವತ್ತಾಗಿ ತಂದುಕೊಡುತ್ತಾರೆ. ತಿಂಗಳ ಮೊದಲ ವಾರದಲ್ಲಿ ಸಂಬಳ ಎಣಿಸುವವರ, ಮಗನು ಕೊಲ್ಲಿಯ ದೇಶದಲ್ಲಿರುವವರ, ಎರಡು ಬೈಕು ನಿಲ್ಲಿಸಿದ ಅಂಗಳದವರ ಹೆಸರುಗಳ ಮುಂದೆಯೇ ಹಳೆಯ ಅಂಕೆಗಳು ಹಾಗೆಯೇ ಉಳಿದಿರುತ್ತವೆ. ಅವರನ್ನು ಕೇಳಲು ಅಂಗಡಿಯವಳಿಗೆ ಬಾಯಿ ಬಾರದು. ನಮ್ಮ ವಾಚಕರಾದ ಪೇಟೆಯ ಸದ್ಗೃಹಸ್ಥರೂ ಶಾಲೆಯ ಉಪಾಧ್ಯಾಯರೂ ಈ ಎರಡನೆಯ ಪಂಗಡಕ್ಕೆ ಸೇರಿದವರೆಂಬುದನ್ನು ಮರೆಮಾಚುವುದರಿಂದ ಏನು ಪ್ರಯೋಜನ? ನಾವೂ ಅದಕ್ಕೆ ಹೊರತಲ್ಲ. ಈ ಬರೆಹಕ್ಕೆ ಕುಳಿತುಕೊಳ್ಳುವ ಮೊದಲು ನಮ್ಮ ಮನೆಯಲ್ಲಿ ವಿಚಾರಿಸಲಾಗಿ, ಎರಡು ರವಿಕೆಯ ಮಜೂರಿ ಮತ್ತು ಒಂದು ಲೈನಿಂಗ್ ಬಟ್ಟೆಯ ಹಣ ಕಳೆದ ದೀಪಾವಳಿಯಿಂದ ಬಾಕಿಯಿದ್ದುದು ತಿಳಿಯಿತು. ಅದನ್ನು ಸಲ್ಲಿಸಿಯೇ ಲೇಖನಿ ಹಿಡಿದಿದ್ದೇವೆ.

ಮೀನುಗಾರಿಕೆ ನಿಂತಿರುವ ಎರಡು ತಿಂಗಳ ಬಟ್ಟೆಯ ಹಣವನ್ನು ಮೀನು ಬೀಳುವ ತಿಂಗಳುಗಳಲ್ಲಿ ದಿನಕ್ಕೆ ಹತ್ತು ಇಪ್ಪತ್ತಾಗಿ ತೆಗೆದಿಡುವುದು ಸಾಧ್ಯವಿಲ್ಲದ ಮಾತಲ್ಲ. ಪಿಗ್ಮಿಯ ಜಿಲ್ಲೆಯವರಾದ ನಮಗೆ ಅದನ್ನು ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಹಾಗೆ ತೆಗೆದಿಡುವ ಹಣ ಅಂಚೆಯ ಕಚೇರಿಯಲ್ಲಿಯೋ ಸಹಕಾರಿ ಸಂಘದಲ್ಲಿಯೋ ಇರಲಿ. ಅಂಗಡಿಯಲ್ಲಿ ಬಟ್ಟೆಯ ಚೀಟಿ ನಡೆಸುವ ಪದ್ಧತಿಯನ್ನು ಕೆಲವರು ಹೊಗಳುತ್ತಾರೆ, ನಾವು ಹೊಗಳುವುದಿಲ್ಲ. ಒಡತಿಯ ಗಲ್ಲಾಪೆಟ್ಟಿಗೆಯೂ ಕೇರಿಯ ಉಳಿತಾಯವೂ ಒಂದೇ ಡಬ್ಬಿಯಲ್ಲಿ ಸೇರಿದರೆ ಕೊನೆಗೆ ಇಬ್ಬರಿಗೂ ಆಪತ್ತು.

ಇನ್ನು ಅಂಗಡಿಯವಳ ಕಡೆಗೂ ಒಂದೆರಡು ಮಾತು. ನೆರೆಯವರ ಧರ್ಮವನ್ನು ಹೇಳಿ ಅಂಗಡಿಯ ಧರ್ಮವನ್ನು ಹೇಳದಿದ್ದರೆ ಪಕ್ಷಪಾತವಾದೀತು. ಸೀರೆಯ ಚೀಟಿಯ ಮೇಲೆ ಎರಡು ಸಾವಿರವೆಂದು ಬರೆದು, ಮುಖ ನೋಡಿ ಒಬ್ಬರಿಗೆ ಒಂಬೈನೂರಕ್ಕೂ ಇನ್ನೊಬ್ಬರಿಗೆ ಸಾವಿರದ ಮುನ್ನೂರಕ್ಕೂ ಕೊಡುವ ಪೇಟೆಯ ಪದ್ಧತಿ ಕೇರಿಯಲ್ಲಿ ನಡೆಯದು. ಸಂಜೆಯೊಳಗೆ ಇಬ್ಬರೂ ಬಾವಿಕಟ್ಟೆಯಲ್ಲಿ ಸಂಧಿಸುತ್ತಾರೆ. ಒಂದೇ ಬೆಲೆ ಇರಲಿ. 2025ರ ಸೆಪ್ಟೆಂಬರ್ 22ರಿಂದ ಎರಡು ಸಾವಿರದ ಐನೂರು ರೂಪಾಯಿವರೆಗಿನ ಉಡುಪಿನ ತೆರಿಗೆ ಶೇಕಡಾ 5, ಅದಕ್ಕೆ ಮೀರಿದುದಕ್ಕೆ ಶೇಕಡಾ 18 ಆಗಿದೆ. ಕೇರಿಯ ಅಂಗಡಿಯ ಸರಕು ಬಹುತೇಕ ಮೊದಲನೆಯ ತರಗತಿಯದೇ ಆದುದರಿಂದ ಇಲ್ಲಿ ಸಣ್ಣ ಅಂಗಡಿಗೆ ಒಂದು ಅನುಕೂಲವೇ ಇದೆ. ಮದುವೆಯ ಜರತಾರಿ ಸೀರೆಗಳಿಗಾಗಿ ಹಣವನ್ನು ಕಟ್ಟಿಹಾಕದೆ, ಮಾರಿಹೋಗುವ ನಿತ್ಯದ ಬಟ್ಟೆಯಲ್ಲಿಯೇ ಬಂಡವಾಳವನ್ನು ತಿರುಗಿಸುವುದು ಲೇಸು. ಅಡವಿಟ್ಟ ಚಿನ್ನದ ಹಣದಿಂದ ಸರಕು ತಂದವರು ಆ ಸರಕು ಎಷ್ಟು ದಿನಕ್ಕೆ ಹಣವಾಗುತ್ತದೆಂಬುದನ್ನು ಪ್ರತಿ ತಿಂಗಳೂ ಲೆಕ್ಕ ಹಾಕಬೇಕು. ಒಂದು ವರ್ಷ ಮಾರದೆ ಕುಳಿತ ಸೀರೆಯನ್ನು ಕೊಂಡ ಬೆಲೆಗಾದರೂ ಬಿಟ್ಟುಬಿಡುವುದು ಜಾಣತನ.

ಅಂಗಡಿಯ ಹಲಗೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ‘ಬೊಟಿಕ್’ ಎಂದು ಬರೆಯಿಸಿದ್ದಾರೆ. ಅದು ಫ್ರೆಂಚರ ಮಾತು. ಅವರ ಭಾಷೆಯಲ್ಲಿ ಅದರ ಅರ್ಥ ಅಂಗಡಿ ಎಂದಷ್ಟೆ. ಪಾರಿಸ್ ನಗರದಲ್ಲಿ ಅಂಗಡಿಯೆನಿಸಿಕೊಳ್ಳುವುದು ಇಂಗ್ಲಿಷಿನ ಮೂಲಕ ಕೋಡಿಗೆ ಬಂದು ಬೊಟಿಕ್ ಆಗಿ, ಅಂಗಡಿಗಿಂತ ಮೇಲಿನದೇನೋ ಆಗಿಬಿಟ್ಟಿದೆ. ನಾವು ಆ ಶಬ್ದದ ಮೇಲೆ ಯುದ್ಧಕ್ಕೆ ಹೊರಟಿಲ್ಲ. ಗಿರಾಕಿಗೆ ಸಂತೋಷವಾದರೆ ಇರಲಿ, ಆದರೆ ಕನ್ನಡ ಲಿಪಿಯಲ್ಲಿ, ಮೇಲ್ಗಡೆ, ದೊಡ್ಡದಾಗಿ ಇರಲಿ. ನಾಮಫಲಕದ ಶೇಕಡಾ 60 ಭಾಗ ಕನ್ನಡವಿರಬೇಕೆಂದು 2024ರಲ್ಲಿ ತಿದ್ದುಪಡಿಯಾದ ಕಾನೂನೇ ಹೇಳುತ್ತದೆ. ಕಾನೂನಿಗಿಂತ ಹೆಚ್ಚಾಗಿ, ಈ ಅಂಗಡಿಗೆ ಬರುವ ಅಜ್ಜಿಯಂದಿರು ಓದಬಲ್ಲುದು ಅದೊಂದೇ ಲಿಪಿಯೆಂಬುದನ್ನು ಒಡತಿಗೆ ನಾವು ಸೌಮ್ಯವಾಗಿ ಸೂಚಿಸಿದ್ದೇವೆ. ಬಣ್ಣದವನನ್ನು ಕರೆಸುತ್ತೇನೆಂದು ಅವರು ಒಪ್ಪಿಕೊಂಡಿದ್ದಾರೆ.

ಕಪಾಟಿನ ವಿಷಯದಲ್ಲಿಯೂ ಒಂದು ವಿನಂತಿಯುಂಟು. ಆ ಐವತ್ತು ಅರುವತ್ತು ಸೀರೆಗಳಲ್ಲಿ ನಮ್ಮ ಜಿಲ್ಲೆಯ ಮಗ್ಗದ ಸೀರೆ ಒಂದೂ ಇರಲಿಲ್ಲ. ಉಡುಪಿ ಸೀರೆಗೆ 2016ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಆದರೆ ಮನ್ನಣೆ ಬಂದಾಗ ನೇಯುವವರು ಬೆರಳೆಣಿಕೆಗೆ ಇಳಿದಿದ್ದರು. ಉಳಿದವರಲ್ಲಿಯೂ ಹೆಚ್ಚಿನವರು ವಯಸ್ಸಾದವರು. ಅದರ ಬಳಿಕ ಕಾರ್ಕಳದ ಕದಿಕೆ ಟ್ರಸ್ಟಿನವರು ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದೊಡನೆ ಸೇರಿ, ಬಿಟ್ಟುಹೋದವರನ್ನು ಮಗ್ಗಕ್ಕೆ ಕರೆತಂದು, ಹೊಸಬರಿಗೆ ಕಲಿಸಿ, ಆ ನೇಯ್ಗೆಗೆ ಮತ್ತೆ ಉಸಿರು ಬರಿಸಿದ್ದಾರೆ. ಹತ್ತಿಯ, ಹಗುರಾದ, ನಮ್ಮ ಸೆಕೆಗೆ ಹೇಳಿಮಾಡಿಸಿದ ಸೀರೆ ಅದು. ನಮ್ಮ ತಾಯಂದಿರು ದಿನವೂ ಉಟ್ಟು, ಹಳೆಯದಾದ ಮೇಲೆ ಮಗುವಿನ ತೊಟ್ಟಿಲಿಗೆ ಹಾಸಿದುದು. ಬೆಲೆ ಮಿಲ್ಲಿನ ಸೀರೆಗಿಂತ ಹೆಚ್ಚೆಂಬುದು ನಿಜ. ಹತ್ತು ತರಿಸಿಡಿರೆಂದು ನಾವು ಹೇಳುವುದಿಲ್ಲ. ಎರಡು ತರಿಸಿ, ಮುಂದೆ ತೂಗುಹಾಕಿ. ಕೊಳ್ಳುವವರು ಹೇಳಿಟ್ಟು, ಅರ್ಧ ಹಣ ಮೊದಲೇ ಕೊಟ್ಟು, ಬಳಿಕ ಒಯ್ಯಲಿ. 1925ರಲ್ಲಿ ಯಾವ ನೇಕಾರರಿಗಾಗಿ ಎಂಟು ಸಾವಿರ ರೂಪಾಯಿ ಕೂಡಿತೋ ಅವರ ಮೊಮ್ಮಕ್ಕಳ ಕಾಲಕ್ಕೆ, ಆ ಸೀರೆ ನೇಯುವ ಜಿಲ್ಲೆಯ ಹೆಂಗಸಿಗೆ ಅದನ್ನು ಮುಟ್ಟಿನೋಡಲು ಒಂದು ಅಂಗಡಿಯಾದರೂ ಬೇಡವೇ?

ಕೋಡಿಯೆಂಬ ಹೆಸರನ್ನು ಕೇಳಿದೊಡನೆ ಕನ್ನಡ ಓದುವವರಿಗೆ ಕಾರಂತರ ‘ಮರಳಿ ಮಣ್ಣಿಗೆ’ ನೆನಪಾಗುವುದು ಸಹಜ. ಆ ಕಾದಂಬರಿಯ ಕೋಡಿ ಕೋಟದ ಕಡೆಯ ಕಡಲತಡಿಯದು, ಇದಲ್ಲ. ಆದರೆ ಒಂದೇ ಕಡಲು, ಒಂದೇ ಮರಳು, ಒಂದೇ ಮಳೆಗಾಲ. 1941ರಲ್ಲಿ ಬಂದ ಆ ಗ್ರಂಥದಲ್ಲಿ ಮೂರು ತಲೆಮಾರುಗಳ ಮನೆಯನ್ನು ಎತ್ತಿಹಿಡಿದವರು ಪಾರೋತಿ, ಸರಸೋತಿ, ನಾಗವೇಣಿ ಎಂಬ ಹೆಂಗಸರು. ಅವರ ದುಡಿತವನ್ನು ಯಾವ ಪುಸ್ತಕದಲ್ಲಿಯೂ ಬರೆದಿಡಲಿಲ್ಲ, ಯಾರೂ ಅದಕ್ಕೆ ಮಜೂರಿ ಕೊಡಲಿಲ್ಲ. ಈ ಅಂಗಡಿಯವರಿಗೆ ಒಂದು ಪುಸ್ತಕವಾದರೂ ಇದೆ; ಆದರೆ ಅದರಲ್ಲಿ ಬರೆದಿರುವುದು ನಮ್ಮ ಬಾಕಿ.

ಕಡೆಯದಾಗಿ ಉಪಾಧ್ಯಾಯ ಮಿತ್ರರಲ್ಲಿ ಒಂದು ಅರಿಕೆ. ಸರಕಾರಿ ಶಾಲೆಯ ಮಕ್ಕಳಿಗೆ ಸಮವಸ್ತ್ರದ ಬಟ್ಟೆಯನ್ನು ಸರಕಾರವು ಕೊಡುತ್ತದೆ. ಹೊಲಿಸುವ ವೆಚ್ಚ ತಂದೆತಾಯಿಗಳದ್ದು. ಬಟ್ಟೆ ಶಾಲೆಗೆ ಬಂದ ದಿನ, ‘ಹೊಲಿಸಿಕೊಂಡು ಬನ್ನಿ’ ಎಂದು ಹೇಳಿ ಕಳುಹಿದರೆ ಒಬ್ಬೊಬ್ಬರು ಒಂದೊಂದು ಕಡೆಗೆ ಹೋಗುತ್ತಾರೆ. ಕೆಲವರು ಪೇಟೆಗೆ ಹೋಗಿ ಬಸ್ಸಿನ ಹಣವನ್ನೂ ಕಳೆದುಕೊಳ್ಳುತ್ತಾರೆ. ಕೆಲವು ಮಕ್ಕಳ ಬಟ್ಟೆ ದಸರೆಯವರೆಗೆ ಮಡಚಿಕೊಂಡೇ ಇರುತ್ತದೆ. ಶಾಲೆಯ ಸಮಿತಿಯವರು ತಾಯಂದಿರನ್ನು ಒಂದು ದಿನ ಕೂಡಿಸಿ, ಕೇರಿಯಲ್ಲಿ ಹೊಲಿಗೆ ಬಲ್ಲ ಇಬ್ಬರು ಮೂವರನ್ನು ಕರೆದು, ಅಂಗಿಗೆ ಇಷ್ಟು, ಲಂಗಕ್ಕೆ ಇಷ್ಟು ಎಂದು ಮಜೂರಿಯನ್ನು ಎಲ್ಲರ ಮುಂದೆ ಗೊತ್ತುಮಾಡಿ, ಅಳತೆಯನ್ನು ಶಾಲೆಯ ಜಗಲಿಯಲ್ಲಿಯೇ ತೆಗೆಯಿಸಬಹುದು. ಕೊಡಲಾರದ ಮನೆಗಳ ಮಜೂರಿಯನ್ನು ಸಂಬಳವಿರುವ ನಾವು ಐದಾರು ಮಂದಿ ಹಂಚಿಕೊಂಡರೆ ಒಬ್ಬೊಬ್ಬರಿಗೆ ಬೀಳುವುದು ಒಂದು ಹೋಟೆಲಿನ ಊಟದ ಖರ್ಚಿಗಿಂತ ಹೆಚ್ಚಲ್ಲ. ಹೊಸ ಅಂಗಡಿಯ ಎರಡು ಯಂತ್ರಗಳಿಗೆ ಇದರಿಂದ ಒಂದು ತಿಂಗಳ ಕೆಲಸವಾಗುತ್ತದೆ. ಅದೂ ಯಂತ್ರದೋಣಿಗಳು ದಡದಲ್ಲಿ ನಿಂತಿರುವ ಜೂನ್ ತಿಂಗಳಿನಲ್ಲಿಯೇ, ಉದ್ರಿಯ ಪುಸ್ತಕ ಅತ್ಯಂತ ವೇಗವಾಗಿ ತುಂಬುವ ತಿಂಗಳಿನಲ್ಲಿಯೇ. ಈ ವ್ಯವಸ್ಥೆಯನ್ನು ನಡೆಸಿ ನೋಡಲು ಇಚ್ಛಿಸುವ ಶಾಲೆಯವರು, ಮಕ್ಕಳ ಎಣಿಕೆಯನ್ನೂ ತಮ್ಮಲ್ಲಿ ನಡೆಯುತ್ತಿರುವ ಮಜೂರಿಯ ದರವನ್ನೂ ನಮಗೆ ಬರೆದು ತಿಳಿಸಿದರೆ, ಮುಂದಿನ ಬೇಸಗೆ ರಜೆಯೊಳಗಾಗಿ ಈ ಪುಟದಲ್ಲಿ ಅದನ್ನು ಪ್ರಕಟಿಸುತ್ತೇವೆ.